ಪ್ಯಾಕಿಂಗ್ ವಿಭಾಗದ ಹೆಂಗಸು

12 ಜನವರಿ 2031

ಚೂಟಿ,

ಫೋನಿಗೆ ಸಿಗುವುದಿಲ್ಲ ಎಂದು ಮುನಿಸಿಕೊಳ್ಳಬೇಡ. ಈ ವಾರದಿಂದ ನನ್ನ ಫೋನು ಹಗಲೆಲ್ಲ ಕಚೇರಿಯ ಬಾಗಿಲಲ್ಲಿ ಒಂದು ಕಬ್ಬಿಣದ ಗೂಡಿನಲ್ಲಿರುತ್ತದೆ. ಮನೆಗೆ ತಂದ ಮೇಲೂ ಅದರಲ್ಲಿ ಆಡುವ ಮಾತನ್ನು ಯಾರೋ ಕೇಳಿಸಿಕೊಳ್ಳುತ್ತಾರೆ. ಕಾಗದವನ್ನು ಮಾತ್ರ ಯಾರೂ ಒಡೆಯುವುದಿಲ್ಲ. ಈ ಕಾಲದಲ್ಲೂ ಕಾಗದ ಬರೆಯುವವರಿದ್ದಾರೆ ಎನ್ನುವುದೇ ಅವರಿಗೆ ಹೊಳೆದಿಲ್ಲ. ಒಳ್ಳೆಯದೇ ಆಯಿತು ಬಿಡು. ಫೋನಿನಲ್ಲಿ ನಾವಿಬ್ಬರೂ ಮೂರನೆಯ ನಿಮಿಷಕ್ಕೆ ಜಗಳ ಶುರುಮಾಡುತ್ತೇವೆ, ಕಾಗದದಲ್ಲಾದರೆ ಹೊಡೆದುಹಾಕಿ ಮತ್ತೆ ಬರೆಯಬಹುದು.

ಹುಟ್ಟುವ ಮುಂಚೆಯೇ ಮಕ್ಕಳ ವಂಶವಾಹಿಯನ್ನು ತಿದ್ದುತ್ತಾರಲ್ಲ, ಅದಕ್ಕೆ ಇಡೀ ದೇಶಕ್ಕೊಂದು ಕಾನೂನು ಬರೆಯುವ ಕೆಲಸ ನಮ್ಮ ಕರಡು ವಿಭಾಗಕ್ಕೆ ಬಂದಿದೆ. ವಿಭಾಗದಲ್ಲಿ ಅದು ನನ್ನ ತಲೆಗೇ ಬಂದಿದೆ. ನಿಷೇಧ ಎರಡು ವರ್ಷದಿಂದಲೂ ಇದೆ, ಆದರೆ ಬಾಯಲ್ಲಿ ಹಲ್ಲಿಲ್ಲ. ಯಾರಿಗೆ ಶಿಕ್ಷೆ, ಎಷ್ಟು ಶಿಕ್ಷೆ, ಈಗಾಗಲೇ ಹುಟ್ಟಿದ ಮಕ್ಕಳನ್ನು ನೋಡಿಕೊಳ್ಳುವವರು ಯಾರು, ಇದೆಲ್ಲ ಬರೆಯಬೇಕು. ಅದರಲ್ಲಿ ಮೂವತ್ತೊಂದನೆಯ ಕಲಮು ನನ್ನ ಸ್ವಂತ ಕೂಸು. ತಿದ್ದಿದ ಮಗುವನ್ನು ತಾನಾಗಿ ಬಂದು ನೋಂದಣಿ ಮಾಡಿಸಿದ ತಾಯಿಗೆ ಶಿಕ್ಷೆಯಿಲ್ಲ. ಕ್ಲಿನಿಕ್ಕಿನವರನ್ನು ಬಿಡಬೇಡಿ, ತಾಯಿಯನ್ನು ಮುಟ್ಟಬೇಡಿ. ಇಷ್ಟು ಹಟ ಏಕೆ ಎಂದು ಕೇಳಬೇಡ. ಕಾರಣ ಕಡತದಲ್ಲಿದೆ, ಕಡತದಲ್ಲಿರುವುದನ್ನು ಯಾರಿಗೂ ಹೇಳುವುದಿಲ್ಲ ಎಂದು ಪ್ರಮಾಣ ಮಾಡಿ ಸಹಿ ಹಾಕಿದ್ದೇನೆ.

ನಮ್ಮ ಪದ್ಧತಿ ನಿನಗೆ ಗೊತ್ತು. ಪ್ರತಿ ಕಲಮಿನ ಕೆಳಗೂ ಒಂದು ಉದಾಹರಣೆ ಕೊಡಬೇಕು. ‘ಕ ಎಂಬವಳು ಹೀಗೆ ಮಾಡುತ್ತಾಳೆ. ಈ ಕಲಮಿನಡಿ ಕ ತಪ್ಪಿತಸ್ಥಳಲ್ಲ.’ ಕಲಮನ್ನು ಎಷ್ಟು ಚೆಂದ ಬರೆದರೂ ಸಮಿತಿಯವರು ಓದುವುದು ಉದಾಹರಣೆಯನ್ನೇ. ಇಪ್ಪತ್ತೆರಡು ವರ್ಷದಿಂದ ಕ, ಖ ಇಬ್ಬರ ಕೈಯಲ್ಲೂ ಕದಿಸಿದ್ದೇನೆ, ಮದುವೆ ಮಾಡಿಸಿದ್ದೇನೆ, ಸೇತುವೆಯಿಂದ ಬೀಳಿಸಿದ್ದೇನೆ. ಈ ಸಲ ಮಾತ್ರ ಕ ನನ್ನ ಕಣ್ಣಿಗೆ ಕಾಣುತ್ತಿಲ್ಲ. ಎಂಥ ಹೆಂಗಸು, ಏನು ಮಾತಾಡುತ್ತಾಳೆ, ಯಾಕೆ ಹೋಗುತ್ತಾಳೆ? ನಿಮ್ಮ ಕಾರ್ಖಾನೆಯಲ್ಲಿ ನೂರು ಹೆಂಗಸರಿದ್ದಾರೆ. ಕಿವಿಗೆ ಬಿದ್ದದ್ದನ್ನು ಬರೆ.

ನಿನ್ನ ಮಗಳು ಹೋಗಿ ಈ ತಿಂಗಳಿಗೆ ಎರಡು ವರ್ಷ. ಬರೆಯಬಾರದು ಎಂದುಕೊಂಡಿದ್ದೆ, ಬರೆದುಬಿಟ್ಟೆ. ಹೊಡೆದುಹಾಕುವುದಿಲ್ಲ.

ಅಕ್ಕ

2 ಫೆಬ್ರವರಿ 2031

ಅಕ್ಕ,

ನಿನ್ನ ಕಾಗದ ಬಂದ ದಿನ ಕಾರ್ಖಾನೆಯಲ್ಲಿ ನೀರು ನಿಂತುಹೋಗಿತ್ತು. ಕನ್ನಡಕದ ಗಾಜು ಅರೆಯುವವರಿಗೆ ನೀರಿಲ್ಲದಿದ್ದರೆ ಕೈ ಕಟ್ಟಿ ಕೂರುವುದೇ ಕೆಲಸ. ಹಾಗಾಗಿ ಮೂರು ಸಲ ಓದಿದೆ. ಸಂಜೆ ಇವರಿಗೂ ಓದಿ ಹೇಳಿದೆ. ಬಸ್ ಡಿಪೋದಿಂದ ಬಂದು ಉಗುರಿನ ಗ್ರೀಸು ಉಜ್ಜುತ್ತಿದ್ದವರು, “ನಿಮ್ಮಕ್ಕ ಕಾನೂನು ಬರೀತಾರೋ, ಕಥೆ ಬರೀತಾರೋ?” ಎಂದರು.

ನಿನಗೆ ಕ ಬೇಕು ತಾನೇ? ಇಲ್ಲೇ ಒಬ್ಬಳಿದ್ದಾಳೆ, ಪ್ಯಾಕಿಂಗ್ ವಿಭಾಗದ ಹೆಂಗಸು. ಹೆಸರು ಬೇಡ. ಹೋದ ವರ್ಷ ಗುಟ್ಟಾಗಿ ಒಂದು ಕ್ಲಿನಿಕ್ಕಿಗೆ ಹೋಗಿ ತಿದ್ದಿಸಿಕೊಂಡು ಬಂದು ಮಗು ಹೆತ್ತಿದ್ದಾಳೆ. ಊಟದ ಬಿಡುವಿನಲ್ಲಿ ನನ್ನೊಬ್ಬಳ ಹತ್ತಿರ ಹೇಳಿಕೊಂಡಳು. ಮಹಾ ಜಂಬದವಳು. ಮನೆಯಲ್ಲಿ ಕಲ್ಲುಗುಂಡಿನಂಥ ಮಗ ಇದ್ದಾನೆ, ರೋಗವಿಲ್ಲ ರುಜಿನವಿಲ್ಲ. ಆದರೂ “ಎರಡನೇದು ಇನ್ನೂ ಚೆನ್ನಾಗಿರ್ಲಿ ಅಂತ ಹೋದೆ” ಎನ್ನುತ್ತಾಳೆ. ಕಣ್ಣಿನ ಬಣ್ಣವನ್ನೂ ಹೇಳಿ ಮಾಡಿಸಿಕೊಂಡಳಂತೆ! ಅಂಗಡಿಯಲ್ಲಿ ಸೀರೆ ಆರಿಸುವ ಹಾಗೆ.

ಈಗ ಮಾತ್ರ ಬೀದಿಯಲ್ಲಿ ಪೊಲೀಸ್ ಜೀಪು ಕಂಡರೆ ಕೈಯಲ್ಲಿದ್ದ ಪೆಟ್ಟಿಗೆ ಬೀಳಿಸುತ್ತಾಳೆ. ಅವಳಿಗೆ ಜೈಲಾಗುತ್ತದೆಯೇ ಅಕ್ಕ? ಮಗುವನ್ನು ಕಿತ್ತುಕೊಳ್ಳುತ್ತಾರೆಯೇ? ಕಿತ್ತುಕೊಂಡರೆ ಎಲ್ಲಿಡುತ್ತಾರೆ, ನೋಡುವುದಕ್ಕೆ ಬಿಡುತ್ತಾರೆಯೇ? ಕೇಳು ಎಂದಳು, ಅದಕ್ಕೆ ಕೇಳಿದ್ದೇನೆ.

ಮಗಳ ಬಗ್ಗೆ ಬರೆದದ್ದಕ್ಕೆ ಕೋಪವಿಲ್ಲ. ಅವಳ ಕಾಲಿಗೆ ಕಟ್ಟುತ್ತಿದ್ದ ಪಟ್ಟಿಗಳು ಇನ್ನೂ ಬಾಗಿಲ ಹಿಂದೆಯೇ ನೇತಾಡುತ್ತಿವೆ. ತೆಗೆಯಲು ಇವರೂ ಮುಂದಾಗುವುದಿಲ್ಲ, ನಾನೂ ಆಗುವುದಿಲ್ಲ.

ಚೂಟಿ

14 ಫೆಬ್ರವರಿ 2031

ಚೂಟಿ,

ನಿನ್ನ ಹೆಂಗಸಿಗೆ ಹೆದರಬೇಡ ಎಂದು ಹೇಳು. ಮೂವತ್ತೊಂದನೆಯ ಕಲಮು ಉಳಿದರೆ ಅವಳ ಕೂದಲೂ ಕೊಂಕುವುದಿಲ್ಲ. ಕಾನೂನು ಬಂದ ತಕ್ಷಣ ಹೋಗಿ ಮಗುವಿನ ಹೆಸರು ಬರೆಸಲಿ. ಮುಂದಿನದನ್ನು ನೋಂದಣಿಯವರು ನೋಡಿಕೊಳ್ಳುತ್ತಾರೆ. ಬರೆಸಲೇಬೇಕು ಎಂದು ಒತ್ತಿ ಹೇಳು. ಸರ್ಕಾರದ ಪುಸ್ತಕ ತುಂಬಿಸುವುದಕ್ಕೆ ಹೇಳುತ್ತಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಆದರೆ ಅಕ್ಕನಾಗಿ ಹೇಳುತ್ತೇನೆ, ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಗುಂಡುಕಲ್ಲಿನಂಥ ಮಗನನ್ನು ಇಟ್ಟುಕೊಂಡು ಕಣ್ಣಿನ ಬಣ್ಣ ಆರಿಸಲು ಹೋದವಳು ಒಂದು ಕಡೆ. ನಾಲ್ಕು ವರ್ಷದ ಮಗಳ ನರಗಳು ಒಂದೊಂದಾಗಿ ಸೋತು, ಕೊನೆಗೆ ಉಸಿರಾಡುವುದೂ ಸೋತುಹೋದದ್ದನ್ನು ಪಕ್ಕದಲ್ಲಿ ಕೂತು ನೋಡಿದ ನೀನು ಇನ್ನೊಂದು ಕಡೆ. ಆ ಬಾಗಿಲು ತಟ್ಟುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಅದು ನಿನಗಿತ್ತು. ನೀನು ತಟ್ಟಲಿಲ್ಲ. ಇದನ್ನು ನಿನ್ನ ಎದುರಿಗೆ ಎಂದೂ ಹೇಳಿಲ್ಲ, ನಿನ್ನ ಬಗ್ಗೆ ನನಗೆ ಹೆಮ್ಮೆಯಿದೆ.

ಅಕ್ಕ

20 ಏಪ್ರಿಲ್ 2031

ಅಕ್ಕ,

ಕೂತುಕೊಂಡು ಓದು. ನನಗೆ ಮೂರು ತಿಂಗಳು.

ತಾನಾಗಿಯೇ ಆದದ್ದು. ಮೂವತ್ತೊಂಬತ್ತಕ್ಕೆ! ನಮಗೇ ನಂಬಿಕೆ ಬರಲಿಲ್ಲ. ಪರೀಕ್ಷೆ ಮಾಡಿಸಿದೆವು, ದೊಡ್ಡವಳಿಗೆ ಇದ್ದ ರೋಗ ಇದಕ್ಕಿಲ್ಲ. ನಾಲ್ಕರಲ್ಲಿ ಒಂದಕ್ಕೆ ತಾನೇ ಬರುವುದು, ಈ ಸಲ ನಾವು ಮೂರರ ಪಾಲಿಗೆ ಬಿದ್ದೆವು. ಇವರು ಡಿಪೋದಲ್ಲಿ ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ. ರಜೆ ಹಾಕಿ ಓಡಿಬರಲೂ ಬೇಡ. ಒಂದು ಹಗಲು, ಒಂದು ರಾತ್ರಿಯ ಪ್ರಯಾಣ, ನಿನ್ನ ಸೊಂಟ ಕೇಳುವುದಿಲ್ಲ. ನಿನ್ನ ಕಾನೂನು ಮುಗಿಸು.

ಯಂತ್ರದ ಕೆಲಸ ಬಿಡಿಸಿ ನನ್ನನ್ನು ಗಾಜು ಪರೀಕ್ಷಿಸುವ ಮೇಜಿಗೆ ಹಾಕಿದ್ದಾರೆ. ಇಡೀ ದಿನ ದೀಪಕ್ಕೆ ಗಾಜು ಹಿಡಿದು ಗೀರು ಹುಡುಕುತ್ತೇನೆ.

ಚೂಟಿ

6 ಮೇ 2031

ನನ್ನ ಚೂಟಿ,

ಕಚೇರಿಯ ಶೌಚಾಲಯದಲ್ಲಿ ಅಗುಳಿ ಹಾಕಿಕೊಂಡು ಅತ್ತೆ. ಹೊರಗೆ ಬಂದರೆ ಬೆರಳಚ್ಚಿನಾಕೆ, “ಏನ್ ಮೇಡಂ, ಕಲಮು ಬಿದ್ದೋಯ್ತಾ?” ಎಂದಳು. ಇಲ್ಲ ಕಣೇ, ಒಂದು ಎದ್ದು ನಿಂತಿತು ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ತಾನಾಗಿಯೇ ಆಯಿತು ಎಂದು ಬರೆದಿದ್ದೀಯಲ್ಲ, ಆ ಒಂದು ಮಾತಿನ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಇಲ್ಲಿ ನನ್ನ ಮೇಜಿನ ಮೇಲೆ ಇರುವುದನ್ನು ನೀನು ಓದಿದ್ದರೆ ಆ ಮಾತಿನ ಬೆಲೆ ನಿನಗೂ ತಿಳಿಯುತ್ತಿತ್ತು.

ನಿನ್ನಿಂದ ನನ್ನ ಕೆಲಸವೂ ಸಲೀಸಾಯಿತು. ಪ್ಯಾಕಿಂಗ್ ವಿಭಾಗದ ಹೆಂಗಸು ಈಗ ಮೂವತ್ತೊಂದನೆಯ ಕಲಮಿನ ಕೆಳಗೆ ಕ ಆಗಿ ಕೂತಿದ್ದಾಳೆ. ಆರೋಗ್ಯವಂತ ಮಗನಿದ್ದಾನೆ, ಬಯಸಿ ಹೋದಳು, ಬಣ್ಣ ಕೇಳಿದಳು, ಎಲ್ಲವನ್ನೂ ಹಾಕಿದೆ. ಅಂಥವಳಿಗೂ ವಿನಾಯಿತಿ ಉಂಟು ಎಂದು ಸಮಿತಿ ಒಪ್ಪಿದರೆ ಪಾಪದವರಿಗೆ ಕೇಳದೆಯೇ ಸಿಗುತ್ತದೆ. ಕಲಮನ್ನು ಗಟ್ಟಿ ಮಾಡಬೇಕಾದರೆ ಅತ್ಯಂತ ಕೆಟ್ಟ ಉದಾಹರಣೆಯಿಂದಲೇ ಅದನ್ನು ಪರೀಕ್ಷಿಸಬೇಕು. ನಮ್ಮ ಹಳೆಯ ಗುರುಗಳು ಕಲಿಸಿದ್ದು ಹಾಗೆ.

ಅಕ್ಕ

15 ಮೇ 2031

ಅಕ್ಕ,

ಅವಳನ್ನು ತೆಗೆದುಬಿಡು. ಕಣ್ಣಿನ ಬಣ್ಣದ ಮಾತು ನಾನು ಸೇರಿಸಿದ್ದು. ಮಗನ ಮಾತೂ ಅಷ್ಟೇ. ನಿನಗೆ ನಗು ಬರಲಿ ಎಂದು ಉಪ್ಪು ಖಾರ ಹಚ್ಚಿದೆ. ಕಾಗದದಲ್ಲಿ ಹರಟಿದ್ದನ್ನು ಕಾನೂನಿನಲ್ಲಿ ಹಾಕುತ್ತಾರೇನು? ಬೇರೆ ಕ ಮಾಡಿಕೋ. ಮಗು ಸತ್ತವಳನ್ನು ಹಾಕು. ಎರಡೇ ಭ್ರೂಣ ಬೆಳೆದು, ಎರಡರಲ್ಲೂ ರೋಗವಿದ್ದು, ಆರಿಸಿಕೊಳ್ಳಲು ಒಳ್ಳೆಯದು ಒಂದೂ ಸಿಗದೆ, ಬೇರೆ ದಾರಿ ಕಾಣದೆ ಹೋದವಳನ್ನು ಹಾಕು. ಅಂಥವರೂ ಇರುತ್ತಾರಲ್ಲ.

ಇವತ್ತೇ ತೆಗೆ. ನನ್ನಾಣೆ.

ಚೂಟಿ

29 ಮೇ 2031

ಚೂಟಿ,

ನಿನ್ನ ಕಾಗದ ಸಮಿತಿ ಕೂತ ಮರುದಿನ ಬಂತು.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಮೂವತ್ತನೆಯ ಕಲಮಿನವರೆಗೂ ಯಾರೂ ತಲೆಯೆತ್ತಲಿಲ್ಲ. ಮೂವತ್ತೊಂದು ಬಂದಾಗ ಅಧ್ಯಕ್ಷರು ಕನ್ನಡಕ ಏರಿಸಿ ಉದಾಹರಣೆಯನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, “ಇವಳಿಗೂ ವಿನಾಯಿತಿ ಕೊಡ್ಬೇಕಾ? ಕೊಟ್ಟು ಜನಕ್ಕೆ ಏನಂತ ಹೇಳೋಣ?” ಎಂದರು. ಒಬ್ಬರು ನಕ್ಕರು. ನಾನು ಎದ್ದು, ತಾಯಂದಿರು ಹೆದರಿದರೆ ಮಕ್ಕಳನ್ನು ಬಚ್ಚಿಡುತ್ತಾರೆ, ಆಮೇಲೆ ಹುಡುಕಲು ಬೇರೆ ದಾರಿಯಿಲ್ಲ ಎಂದೆ. “ಕೂತ್ಕೊಳ್ಳಿ, ನಿಮ್ಮ ಉದಾಹರಣೆನೇ ನಿಮಗೆ ಉತ್ತರ ಕೊಡ್ತಿದೆ” ಎಂದರು. ಎರಡನೆಯ ಸಲ ಏಳಬೇಕಿತ್ತು. ನಾನು ಏಳಲಿಲ್ಲ. ನಿಜ ಹೇಳುತ್ತೇನೆ, ಆ ಹೆಂಗಸಿಗಾಗಿ ಎದ್ದು ನಿಲ್ಲಲು ಮನಸ್ಸೇ ಬರಲಿಲ್ಲ. ನಿನ್ನ ಮುಖ ಕಣ್ಣ ಮುಂದಿತ್ತು. ನಿಯತ್ತಾಗಿ ನೋವುಂಡವಳು ನನ್ನ ತಂಗಿ, ಇವಳ್ಯಾರು ಎನ್ನಿಸಿತು. ಕುಳಿತುಬಿಟ್ಟೆ.

ಕಲಮು ಬಿದ್ದುಹೋಯಿತು. ತಿಳಿದೂ ಮಾಡಿಸಿದ ತಾಯಿಗೆ ಏಳು ವರ್ಷ. ವಿಚಾರಣೆ ಮುಗಿಯುವ ತನಕ ಮಗು ನ್ಯಾಯಾಲಯ ನೇಮಿಸಿದ ಪಾಲಕರ ಬಳಿ ಇರಬೇಕು. ತಿದ್ದಿದ ಮಗು ಎಂದು ಗೊತ್ತಾದರೆ ವೈದ್ಯರು ಒಂದು ದಿನದೊಳಗೆ ವರದಿ ಕೊಡಬೇಕು. ಈ ಕೊನೆಯದನ್ನು ನಾನೇ ಬರೆದೆ, ಮಕ್ಕಳು ಹಾಗಾದರೂ ಸಿಗಲಿ ಎಂದು.

ನೀನು ಆಣೆ ಇಟ್ಟದ್ದು ನೋಡಿ ನಗು ಬಂತು. ಕುಂಬಳಕಾಯಿ ಕಳ್ಳ ಎಂದರೆ ನೀನೇಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀ? ಗೆಳತಿಯ ಮೇಲೆ ಕನಿಕರ ಇರಲಿ, ಆದರೆ ಅವಳ ಪಾಪವನ್ನು ನೀನು ಹೊರಬೇಡ. ಹೊಟ್ಟೆಯಲ್ಲಿರುವುದನ್ನು ನೋಡಿಕೋ.

ಅಕ್ಕ

11 ನವೆಂಬರ್ 2031

ಅಕ್ಕನಿಗೆ,

ಹೆಣ್ಣು ಮಗು. ಅಕ್ಟೋಬರ್ ಇಪ್ಪತ್ತೇಳಕ್ಕೆ ಹುಟ್ಟಿತು. ಇಬ್ಬರೂ ಚೆನ್ನಾಗಿದ್ದೇವೆ. ಕಾಲು ಜೋರಾಗಿ ಒದೆಯುತ್ತದೆ. ದೊಡ್ಡವಳು ಒದೆಯುತ್ತಿರಲಿಲ್ಲ.

ನಿನ್ನ ಕಾನೂನು ಜಾರಿಗೆ ಬಂತು ಎಂದು ಇವರು ಪತ್ರಿಕೆಯಲ್ಲಿ ತೋರಿಸಿದರು. ಅಭಿನಂದನೆ.

ಚೂಟಿ

3 ಫೆಬ್ರವರಿ 2032

ಚೂಟಿ,

ಹೆರಿಗೆಯಾಗಿ ಹದಿನೈದು ದಿನಕ್ಕೆ ನಾಲ್ಕು ಸಾಲು ಬರೆದಿದ್ದೀ. ಮಗು ಮಲಗಲು ಬಿಡುವುದಿಲ್ಲವೇನೋ ಎಂದು ಸಮಾಧಾನ ಮಾಡಿಕೊಂಡೆ. ಚಿಕ್ಕವಳಿಗೆ ಸ್ವೆಟರ್ ಕಳಿಸಿದ್ದೇನೆ. ತೋಳು ಒಂದು ಉದ್ದ ಒಂದು ಗಿಡ್ಡ, ಹೆಣೆದವಳು ನಾನೇ. ಬೇಸಿಗೆಯಲ್ಲಿ ಬರಲೇ ಎಂದರೆ ಬೇಡ ಎನ್ನುತ್ತೀ. ಯಾಕೆಂದು ಕೇಳುವುದಿಲ್ಲ. ಒಂದು ಮಗುವನ್ನು ಕಳೆದುಕೊಂಡವಳು ಇನ್ನೊಂದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟುಕೊಳ್ಳುವುದು ನನಗೆ ಅರ್ಥವಾಗುತ್ತದೆ.

ನೋಂದಣಿ ಕಚೇರಿ ನಮ್ಮ ಕಟ್ಟಡದ ಕೆಳ ಅಂತಸ್ತಿನಲ್ಲಿದೆ. ನಾಲ್ಕು ಮೇಜು, ನಾಲ್ಕು ಗುಮಾಸ್ತರು, ಮಕ್ಕಳಿಗೆಂದು ಗೋಡೆಗೆ ಬಣ್ಣ ಬಣ್ಣದ ಪಕ್ಷಿಗಳ ಚಿತ್ರ. ನಾಲ್ಕು ತಿಂಗಳಲ್ಲಿ ಎರಡು ಹೆಸರು ಬಂದಿವೆ, ಅದರಲ್ಲಿ ಒಂದರ ವಿಳಾಸ ಸುಳ್ಳು. ನಾನು ಮಧ್ಯಾಹ್ನ ಇಳಿದುಹೋಗಿ ಆ ಖಾಲಿ ಕುರ್ಚಿಗಳನ್ನು ನೋಡಿ ಬರುತ್ತೇನೆ. ಯಾರಾದರೂ ಬರಲೇಬೇಕು ಚೂಟಿ. ಎಷ್ಟು ಜನ ಬರಬೇಕಿತ್ತು ಎಂದು ನನಗೆ ಗೊತ್ತಿದೆ. ನುಂಗಲೂ ಆಗದೆ ಉಗುಳಲೂ ಆಗದೆ ಇದ್ದೇನೆ.

ಪ್ಯಾಕಿಂಗ್ ಹೆಂಗಸಿನ ಮಗು ಹೇಗಿದೆ?

ಅಕ್ಕ

8 ಜೂನ್ 2034

ಅಕ್ಕ,

ಒಂದು ವರ್ಷದಿಂದ ಬರೆದಿಲ್ಲ ಎಂದು ಬೈದಿದ್ದೀ. ಬೈ. ನಾನು ಕಾಗದ ಬರೆಯಲು ಕೂತರೆ ಚಿಕ್ಕವಳು ಬಂದು ಲೇಖನಿ ಕಿತ್ತುಕೊಂಡು ಓಡುತ್ತಾಳೆ. ಓಡುತ್ತಾಳೆ ಎಂದು ಬರೆಯುವುದೇ ನನಗೊಂದು ಸುಖ. ಎರಡೂವರೆ ವರ್ಷಕ್ಕೆ ಬಾಯಿ ನೋಡಬೇಕು ಅವಳದ್ದು. ಮೊನ್ನೆ ಇವರ ಮೀಸೆ ಹಿಡಿದುಕೊಂಡು, “ಅಪ್ಪಾ, ಇದು ಯಾರ್ದು?” ಎಂದು ಕೇಳಿದಳು.

ಒಂದು ಹದಿನೈದು ದಿನದಿಂದ ಸ್ವಲ್ಪ ಮಂಕಾಗಿದ್ದಾಳೆ. ಆಗಾಗ ಜ್ವರ. ಮೊಣಕಾಲು, ತೊಡೆ, ಬೆನ್ನಿನ ಮೇಲೆ ನೀಲಿ ಕಲೆಗಳು. ಬಿದ್ದದ್ದು ನಾನು ನೋಡಿಲ್ಲ. ಹಲ್ಲುಜ್ಜಿಸಿದರೆ ವಸಡಿನಲ್ಲಿ ರಕ್ತ. ಬೀದಿ ಕೊನೆಯ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟಿದ್ದಾರೆ. ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ದೊಡ್ಡ ಆಸ್ಪತ್ರೆಯಲ್ಲಿ ನೂರೆಂಟು ಪ್ರಶ್ನೆ ಕೇಳುತ್ತಾರೆ, ಇನ್ನೊಂದು ವಾರ ನೋಡೋಣ ಎಂದುಕೊಂಡೆವು. ನೀನೇನು ಹೇಳುತ್ತೀ?

ಚೂಟಿ

17 ಜೂನ್ 2034

ಚೂಟಿ,

ಕಾಗದ ನೋಡಿ ಹೋದ ಜೀವ ಬಂದ ಹಾಗಾಯಿತು. ಮೀಸೆಯ ಮಾತನ್ನು ಇಡೀ ಕಚೇರಿಗೆ ಹೇಳಿ ನಗಿಸಿದೆ.

ಓಡುವ ಮಗುವಿಗೆ ಮೊಣಕಾಲು ನೀಲಿಯಾಗದೆ ಇನ್ನೇನಾಗುತ್ತದೆ? ನಿನ್ನ ಬಾಲ್ಯ ಮರೆತೆಯಾ? ಸೊಪ್ಪು, ಹಣ್ಣು ಚೆನ್ನಾಗಿ ಕೊಡು. ಟಾನಿಕ್ ಮುಂದುವರಿಸು. ನನ್ನ ಕೆಲಸದ ಕಡತ ಓದಿ ಓದಿ, ಯಾವ ಮಗುವಿನ ಮೈಮೇಲೆ ನೀಲಿ ಕಲೆ ಕಂಡರೂ, ವಸಡಿನಲ್ಲಿ ರಕ್ತ ಎಂದರೂ ನನಗೆ ಎದೆ ಝಲ್ ಎನ್ನುತ್ತದೆ. ಅದರಲ್ಲೂ ಮೂರನೆಯ ವರ್ಷದ ಮಕ್ಕಳು. ನಿನ್ನ ಕಾಗದ ಓದುವಾಗಲೂ ಆ ಕಡತ ತೆಗೆಯಲು ಎದ್ದೆ. ಆಮೇಲೆ, ಥೂ, ಇವಳದ್ದು ತಾನಾಗಿ ಆದ ಮಗು, ಇವಳಿಗೆ ಅದರ ಗೊಡವೆಯೇ ಇಲ್ಲ ಎಂದು ನೆನಪಾಗಿ ಬಿಸಿ ಬಿಸಿ ಕಾಫಿ ಕುಡಿದೆ.

ಅಕ್ಕ

22 ಜೂನ್ 2034

ಅಕ್ಕ,

ಪ್ಯಾಕಿಂಗ್ ವಿಭಾಗದಲ್ಲಿ ಹೆಂಗಸರೇ ಇಲ್ಲ. ಪೆಟ್ಟಿಗೆ ಭಾರ ಎಂದು ಅಲ್ಲಿ ಗಂಡಸರನ್ನೇ ಹಾಕುತ್ತಾರೆ.

ಅದು ನಾನು. ನಾನು ಆ ಕಾಗದ ಬರೆದಾಗ ತಿದ್ದಿದ ಭ್ರೂಣ ಕ್ಲಿನಿಕ್ಕಿನಲ್ಲಿತ್ತು, ಮರುವಾರ ನನ್ನ ಹೊಟ್ಟೆ ಸೇರಿತು. ಎರಡು ಬೆಳೆದವು, ಎರಡರಲ್ಲೂ ರೋಗವಿತ್ತು, ಒಂದನ್ನು ತಿದ್ದುತ್ತೇವೆ ಎಂದರು. ನನ್ನ ಗುರುತು ಸಿಗಬಾರದು ಎಂದು ಅವಳಿಗೆ ಗಟ್ಟಿಮುಟ್ಟಾದ ಮಗನನ್ನು ಕೊಟ್ಟೆ. ನೀನು ಅವಳ ಬಗ್ಗೆ ಹೆಚ್ಚು ಕೇಳಬಾರದು ಎಂದು ಅವಳನ್ನು ಕೆಟ್ಟವಳನ್ನಾಗಿ ಮಾಡಿದೆ. ಅದು ಚೆನ್ನಾಗಿಯೇ ಕೆಲಸ ಮಾಡಿತು. ಆಮೇಲೆ ಹೇಳಿಬಿಡೋಣ ಎಂದು ಎಷ್ಟು ಸಲ ಕೂತೆ. ಪ್ರತಿ ಸಲವೂ ನಿನ್ನ ಆ ಕಾಗದ ತೆಗೆದು ಓದುತ್ತಿದ್ದೆ, ನೀನು ತಟ್ಟಲಿಲ್ಲ, ಹೆಮ್ಮೆಯಿದೆ ಎಂದದ್ದು. ಕಲಮು ಬಿದ್ದ ಮೇಲೆ ಹೇಳುವ ಮಾತೇ ಇರಲಿಲ್ಲ. ಹೇಳಿದರೆ ನೀನು ಒಂದೋ ವರದಿ ಮಾಡಬೇಕು, ಇಲ್ಲ ನನ್ನ ಜೊತೆ ಜೈಲಿಗೆ ಬರಬೇಕು.

ಮೂರನೆಯ ವರ್ಷದ ಮಕ್ಕಳು ಎಂದು ಬರೆದಿದ್ದೀಯಲ್ಲ. ಏನದು ಅಕ್ಕ? ನಿನ್ನ ಕಡತದಲ್ಲಿ ಏನಿದೆ? ಇವತ್ತು ಬೆಳಿಗ್ಗೆ ಮೂಗಿನಿಂದ ರಕ್ತ ಬಂತು, ಅರ್ಧ ಗಂಟೆ ನಿಲ್ಲಲಿಲ್ಲ. ಫೋನು ಮಾಡಲು ಭಯ, ನಿನ್ನ ಫೋನನ್ನು ಯಾರೋ ಕೇಳುತ್ತಾರೆ ಎಂದು ನೀನೇ ಹೇಳಿದ್ದೀ. ಇದನ್ನು ತುರ್ತು ಅಂಚೆಯಲ್ಲಿ ಹಾಕಲು ಇವರು ಡಿಪೋದ ಬಟ್ಟೆಯಲ್ಲೇ ಓಡುತ್ತಿದ್ದಾರೆ. ಈಗಲಾದರೂ ಹೇಳು. ಪ್ರಮಾಣ ಮುರಿ. ನಾನು ಬೇಡಿಕೊಳ್ಳುತ್ತೇನೆ.

ಚೂಟಿ

19 ಆಗಸ್ಟ್ 2034

ಅಕ್ಕನಿಗೆ,

ಇಲ್ಲಿ ಜೈಲಿನಲ್ಲಿ ವಾರಕ್ಕೆ ಒಂದು ಹಾಳೆ ಕೊಡುತ್ತಾರೆ. ನಾಲ್ಕು ವಾರದ ಹಾಳೆ ಖಾಲಿಯೇ ಇಟ್ಟಿದ್ದೆ.

ನೀನು ಓಡಿಬಂದೆ, ಫೋನಿನಲ್ಲೇ ಎಲ್ಲವನ್ನೂ ಕೂಗಿ ಹೇಳಿ, ಪ್ರಮಾಣ ಮುರಿದು ಬಂದೆ, ನನಗೆ ಗೊತ್ತು. ದೊಡ್ಡ ಆಸ್ಪತ್ರೆಯ ವೈದ್ಯೆ, “ಇದು ತಿದ್ದಿದ ಮಗುನಾ? ಹೇಳಿದ್ರೆ ಮಾತ್ರ ಸರಿಯಾದ ಔಷಧಿ ಕೊಡೋಕಾಗೋದು” ಎಂದಾಗ ಹೌದು ಎಂದವಳು ನಾನೇ. ಅವಳು ವರದಿ ಕೊಟ್ಟಳು. ಕೊಡುವಾಗ ಅವಳೇ ಅಳುತ್ತಿದ್ದಳು. ನನ್ನನ್ನು ಆಸ್ಪತ್ರೆಯ ಮೆಟ್ಟಿಲಿನಿಂದಲೇ ಕರೆದೊಯ್ದರು, ಇವರನ್ನೂ. ಪಾಲಕಿ ಎಂದು ನ್ಯಾಯಾಲಯ ಬರೆದದ್ದು ನಿನ್ನ ಹೆಸರನ್ನು. ಹತ್ತೊಂಬತ್ತು ದಿನ ಚಿಕ್ಕವಳ ಹಾಸಿಗೆಯ ಪಕ್ಕದಲ್ಲಿ ಇದ್ದವಳು ನೀನು. ಮಣ್ಣು ಮಾಡುವಾಗ ಒಂದು ಗಂಟೆ ಬಿಟ್ಟಿದ್ದರು, ಮುಖ ಮಾತ್ರ ನೋಡಿದೆ.

ಒಂದನ್ನೇ ಕೇಳುತ್ತೇನೆ. ಅವಳ ಕೊನೆಯ ದಿನ ಹೇಗಿತ್ತು ಬರೆ. ನನಗೆ ಸಮಾಧಾನ ಆಗಲಿ ಎಂದು ಏನನ್ನೂ ಸೇರಿಸಬೇಡ, ಏನನ್ನೂ ಬಿಡಬೇಡ.

27 ಆಗಸ್ಟ್ 2034

ಚೂಟಿ,

ನೀನು ಕೇಳಿದ್ದಕ್ಕೆ ಮುಂಚೆ ನನ್ನದನ್ನು ಹೇಳಿ ಮುಗಿಸುತ್ತೇನೆ. ನೀನು ಹೋದ ಆ ಕ್ಲಿನಿಕ್ಕಿನ ಪ್ರಯೋಗಾಲಯದಲ್ಲಿದ್ದ ತಂತ್ರಜ್ಞೆಯೊಬ್ಬಳು ನಮಗೆ ತಂದುಕೊಟ್ಟ ಪಟ್ಟಿಯಲ್ಲಿ ಮಕ್ಕಳ ಹೆಸರಿರಲಿಲ್ಲ, ಸಂಖ್ಯೆಗಳಷ್ಟೇ ಇದ್ದವು. ಮೊದಲು ಹುಟ್ಟಿದ ಒಂಬತ್ತು ಮಕ್ಕಳು. ತಿದ್ದುವಾಗ ಕತ್ತರಿ ವಂಶವಾಹಿಯ ಬೇರೆ ಕಡೆಯೂ ಬಿದ್ದಿತ್ತು. ನಾಲ್ಕು ಮಕ್ಕಳಿಗೆ ಮೂರನೆಯ ವರ್ಷದಲ್ಲಿ ರಕ್ತದ ಕ್ಯಾನ್ಸರ್ ಬಂತು. ಮೂರು ತಿಂಗಳಿಗೊಮ್ಮೆ ರಕ್ತ ನೋಡಿಸುತ್ತಿದ್ದ ಇಬ್ಬರು ಬದುಕಿದರು, ಉಳಿದಿಬ್ಬರು ಉಳಿಯಲಿಲ್ಲ. ಕ್ಲಿನಿಕ್ಕಿನವರು ನ್ಯಾಯಾಲಯಕ್ಕೆ ಹೋಗಿ ಅದು ಹೊರಬರದ ಹಾಗೆ ತಡೆ ತಂದರು. ಜನ ಗಾಬರಿಯಾಗುತ್ತಾರೆ ಎಂದು ನಮ್ಮವರೂ ಸುಮ್ಮನಾದರು. ಮೂವತ್ತೊಂದನೆಯ ಕಲಮು ಇದ್ದದ್ದು ಅದಕ್ಕೇ, ಉಳಿದ ಮಕ್ಕಳು ತಾವಾಗಿ ಬರಲಿ ಎಂದು. ಮೂರು ತಿಂಗಳಿಗೊಮ್ಮೆ ಒಂದು ಸೂಜಿ, ಅಷ್ಟೇ ಬೇಕಿದ್ದದ್ದು. ಒಂದು ಸಾಲು ಬರೆದಿದ್ದರೆ ನೀನು ಮಾಡಿಸುತ್ತಿದ್ದೆ. ನಾನು ಸಹಿ ಹಾಕಿದ್ದೆ ಎಂದು ಬರೆಯಲಿಲ್ಲ. ಸಮಿತಿಯಲ್ಲಿ ಕೂತುಬಿಟ್ಟೆ. ಸೊಪ್ಪು ಕೊಡು ಎಂದು ಬರೆದೆ. ನಿನ್ನ ಸುಳ್ಳು ನಿನ್ನ ಮಗುವನ್ನು ಕೊಂದಿತು ಎಂದು ನೀನು ಆ ಗೋಡೆಗಳ ನಡುವೆ ಹೇಳಿಕೊಳ್ಳುತ್ತಿದ್ದರೆ ಹಾಗೆ ಹೇಳಿಕೊಳ್ಳಬೇಡ. ನನ್ನ ಮೌನಕ್ಕೆ ನಿನ್ನ ಸುಳ್ಳಿಗಿಂತ ದೊಡ್ಡ ಪಾಲಿದೆ. ರಾಜೀನಾಮೆ ಕೊಟ್ಟಿದ್ದೇನೆ.

ಇನ್ನು ಕೊನೆಯ ದಿನ.

ಭಾನುವಾರ. ಬೆಳಿಗ್ಗೆ ಎರಡು ಚಮಚ ಹಾಲು ಕುಡಿದಳು, ಮೂರನೆಯದನ್ನು ಉಗುಳಿದಳು. ಬಾಯೆಲ್ಲ ಹುಣ್ಣಾಗಿತ್ತು. ಕೂದಲು ಆಗಲೇ ಹೋಗಿತ್ತು. ಕೈಗೆ ಚುಚ್ಚಿದ ನಳಿಕೆಯನ್ನು ಕೀಳಬಾರದು ಎಂದು ಬಟ್ಟೆ ಸುತ್ತಿದ್ದರು, ಅದನ್ನು ಗೊಂಬೆ ಎಂದುಕೊಂಡು ತಟ್ಟುತ್ತಿದ್ದಳು. ಹತ್ತು ಗಂಟೆಗೆ ನೋವು ಶುರುವಾಯಿತು. ಕಿರುಚಿದಳು. ಸೇರಿಸಬೇಡ ಬಿಡಬೇಡ ಎಂದಿದ್ದೀಯಲ್ಲ, ಬಹಳ ಕಿರುಚಿದಳು. ಔಷಧಿ ಹೆಚ್ಚಿಸಿದ ಮೇಲೆ ಸುಮ್ಮನಾದಳು. ಆಮೇಲೆ ಕಣ್ಣು ತೆರೆದರೂ ನೋಟ ಎಲ್ಲೋ ಇತ್ತು. ಮಧ್ಯಾಹ್ನದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು, ಪರದೆ ಎಳೆಯಲು ಎದ್ದೆ. “ಇರು ಕಂದ, ಬಂದೆ” ಎಂದೆ. ನಮ್ಮಿಬ್ಬರ ದನಿಯಲ್ಲಿ ಎಷ್ಟು ವ್ಯತ್ಯಾಸವಿದೆ ಹೇಳು.

“ಅಮ್ಮಾ, ಬಂದ್ಯಾ?” ಎಂದಳು.

ಹತ್ತೊಂಬತ್ತು ದಿನ ಅವಳು ನಿನ್ನನ್ನು ಕೇಳಿದಾಗಲೆಲ್ಲ ಅಮ್ಮ ಬರುತ್ತಾಳೆ, ಅಮ್ಮ ಬರುತ್ತಾಳೆ ಎಂದಿದ್ದೆ. ಆ ದಿನ ನಾನು, “ಹೂಂ ಕಂದ, ಬಂದೆ” ಎಂದೆ. ಅವಳು ಇನ್ನೇನೂ ಕೇಳಲಿಲ್ಲ. ನನ್ನ ಬೆರಳು ಹಿಡಿದುಕೊಂಡಳು. ಸಂಜೆ ನಾಲ್ಕೂಕಾಲಿಗೆ ಹೋದಳು.

ಅದು ನಿನ್ನದು. ನಾನು ತೆಗೆದುಕೊಂಡುಬಿಟ್ಟೆ.

ಅಕ್ಕ

9 ಸೆಪ್ಟೆಂಬರ್ 2034

ಅಕ್ಕ,

ರಾಜೀನಾಮೆ ಹಿಂದಕ್ಕೆ ತೆಗೆದುಕೋ. ನೀನು ಮನೆಯಲ್ಲಿ ಕೂತು ಅತ್ತರೆ ಯಾರಿಗೆ ಉಪಕಾರ? ಸಂದರ್ಶಕರ ಕೋಣೆಗೆ ಹೋದ ವಾರ ಒಬ್ಬಳು ಬಂದಿದ್ದಳು, ನನ್ನ ಗುರುತಿನವಳೇ ಅಲ್ಲ, ಪತ್ರಿಕೆಯಲ್ಲಿ ನನ್ನ ಸುದ್ದಿ ಓದಿ ಬಂದವಳು. ಜಾಲರಿಗೆ ಬಾಯಿ ಹಚ್ಚಿ, “ನನ್ನದಕ್ಕೆ ಒಂದೂವರೆ ವರ್ಷ. ಏನು ನೋಡಿಸ್ಬೇಕು?” ಎಂದಳು. ಮೂರು ತಿಂಗಳಿಗೊಮ್ಮೆ ರಕ್ತ ಎಂದೆ. ಬೇರೆ ಊರಿನಲ್ಲಿ, ಬೇರೆ ಕಾರಣ ಹೇಳಿ ನೋಡಿಸು ಎಂದೆ. ಹೆಸರು ಕೇಳಲಿಲ್ಲ. ಅವಳು ಹೇಳಲೂ ಇಲ್ಲ. ನೋಂದಣಿಗೆ ಹೋಗು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇನ್ನೆಷ್ಟು ಜನ ಹೀಗೆ ಬಾಯಿ ಮುಚ್ಚಿಕೊಂಡು ಕೂತಿದ್ದಾರೋ, ಅವರೆಲ್ಲರಿಗೂ ಜೈಲಿಗೆ ಬಂದು ನನ್ನನ್ನು ಕೇಳಲಾಗುವುದಿಲ್ಲ.

ನಿನ್ನ ಹಾಳೆಯನ್ನು ಒಂದೇ ಸಲ ಓದಿದೆ. ಇನ್ನೊಮ್ಮೆ ಓದಲಾರೆ. ನೀನು ಹೂಂ ಎಂದದ್ದು ಸರಿ. ಅವಳ ಅಮ್ಮ ಬಂದಳು ಎಂದುಕೊಂಡೇ ಹೋದಳಲ್ಲ, ಅಷ್ಟಾದರೂ ಆಯಿತು. ನಿನ್ನ ಜಾಗದಲ್ಲಿ ನಾನಿದ್ದರೆ ನಾನೂ ಹಾಗೇ ಎನ್ನುತ್ತಿದ್ದೆ.

ಆದರೆ ಅಕ್ಕ, ನನ್ನನ್ನು ನೋಡಲು ಬರಬೇಡ. ಬಂದು ಆ ಜಾಲರಿಯ ಆಚೆಯಿಂದ ಮಾತಾಡಬೇಡ. ನಿನ್ನ ದನಿ ಕೇಳಲು ನನಗೆ ಆಗುವುದಿಲ್ಲ.

ಚೂಟಿ